ಮಕ್ಕಳ ಭೇಟಿಗೊಂದು ಕೋಣೆ, ಯುವಕರಿಗೊಬ್ಬ ಮುರಬ್ಬಿ

ವಿವಾಹ ವಿಚ್ಛೇದನದ ಪ್ರಕರಣವೊಂದು ಜಮಾಅತ್ ಸಮಿತಿಯ ಮುಂದೆ ಬಂದಾಗ ಚರ್ಚೆಯಾಗುವ ವಿಷಯಗಳು ಹೆಚ್ಚುಕಡಿಮೆ ನಿಶ್ಚಿತವಾಗಿರುತ್ತವೆ. ಮಹ್ರ್ ಪೂರ್ಣವಾಗಿ ಸಂದಿದೆಯೇ, ಇದ್ದಾ ಅವಧಿಯ ಜೀವನಾಂಶ ಎಷ್ಟು, ಮದುವೆಯಲ್ಲಿ ಕೊಟ್ಟ ಚಿನ್ನದಲ್ಲಿ ಎಷ್ಟು ಪವನ್ ಮರಳಬೇಕು, ಮಕ್ಕಳ ಖರ್ಚನ್ನು ಯಾರು ಭರಿಸಬೇಕು ಎಂಬುದನ್ನೆಲ್ಲ ಹಿರಿಯರು ಕುಳಿತು ಮಾತನಾಡುತ್ತಾರೆ. ನಿರ್ಧಾರಗಳನ್ನು ಕಾಗದದಲ್ಲಿ ಬರೆಯುತ್ತಾರೆ, ಎರಡೂ ಕಡೆಯವರಿಂದ ಸಹಿ ಹಾಕಿಸುತ್ತಾರೆ. ಆದರೆ ಆ ಕಾಗದದಲ್ಲಿ ಸಾಮಾನ್ಯವಾಗಿ ಕಾಣಸಿಗದ ಒಂದು ಸಾಲಿದೆ. ಮಗು ತನ್ನ ಜೊತೆಗಿಲ್ಲದ ತಂದೆಯನ್ನು ಅಥವಾ ತಾಯಿಯನ್ನು ಯಾವ ದಿನ, ಎಲ್ಲಿ, ಎಷ್ಟು ಹೊತ್ತು, ಯಾರ ಸಮ್ಮುಖದಲ್ಲಿ ಭೇಟಿಯಾಗಬೇಕು ಎಂಬುದೇ ಆ ಸಾಲು.

ಈ ಒಂದು ಸಾಲನ್ನು ಬಿಟ್ಟುಬಿಡುವುದರ ಫಲವನ್ನು ಅನುಭವಿಸುವವರು ಸಹಿ ಹಾಕಿದವರಲ್ಲ. ಮೊದಮೊದಲು ಎರಡು ವಾರಕ್ಕೊಮ್ಮೆ ನಡೆಯುವ ಭೇಟಿ ಕ್ರಮೇಣ ಹಬ್ಬಕ್ಕೊಮ್ಮೆ ಎಂಬಂತಾಗುತ್ತದೆ. ಮುಂದೆ ಒಂದು ಮಾತಿನ ಜಗಳದ ನೆಪದಲ್ಲಿ ಅದೂ ನಿಂತುಹೋಗುತ್ತದೆ. ಐದರ ಹರೆಯದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗ ಹದಿನೈದಕ್ಕೆ ಬರುವಾಗ ಅವನ ಪಾಲಿಗೆ ತಂದೆಯೆಂದರೆ ಒಂದೋ ದ್ವೇಷಿಸಬೇಕಾದ ಹೆಸರು, ಇಲ್ಲವೇ ಕಲ್ಪನೆಯಲ್ಲಿ ಕಟ್ಟಿಕೊಂಡ ವೀರ. ಎರಡೂ ನಿಜವಾದ ಮನುಷ್ಯನಲ್ಲ. ಆ ಹದಿನೈದರ ಹರೆಯದಲ್ಲಿ ಅವನಿಗೆ ಕೇಳಲಿಕ್ಕೆ ನೂರು ಪ್ರಶ್ನೆಗಳಿರುತ್ತವೆ. ಅವನ್ನು ತಾಯಿಯಲ್ಲಿ ಕೇಳಲು ಸಂಕೋಚ, ಉಸ್ತಾದರಲ್ಲಿ ಕೇಳಲು ಭಯ. ಉತ್ತರ ಕೊಡಲು ಆಗ ಮುಂದೆ ಬರುವವರು ಯಾರು? ಬಸ್ ನಿಲ್ದಾಣದ ಹಿಂದಿನ ಗುಂಪು, ಮೊಬೈಲಿನ ಪರದೆ, ಕೆಲವೊಮ್ಮೆ ಮಾದಕ ವಸ್ತುವಿನ ಪೊಟ್ಟಣ ಹಿಡಿದು ನಿಂತವನು.

ಆದ್ದರಿಂದ ಎರಡು ವಿಷಯಗಳನ್ನು ಒಟ್ಟಿಗೆ ಮುಂದಿಡಬೇಕೆಂದು ನಾವು ಭಾವಿಸುತ್ತೇವೆ. ಮೊದಲನೆಯದು, ಒಡೆದ ಮನೆಗಳ ಮಕ್ಕಳಿಗೆ ತಂದೆತಾಯಿಯರ ಭೇಟಿಯನ್ನು ಜವಾಬ್ದಾರರ ಮೇಲ್ವಿಚಾರಣೆಯಲ್ಲಿ, ಸುರಕ್ಷಿತವಾಗಿ, ನಿಯಮಿತವಾಗಿ ಒದಗಿಸುವುದು. ಎರಡನೆಯದು, ಹರೆಯಕ್ಕೆ ಬರುತ್ತಿರುವ ಪ್ರತಿಯೊಬ್ಬ ಒಂಟಿ ಹುಡುಗ ಹುಡುಗಿಗೆ ನಂಬಿಕೆಗೆ ಅರ್ಹರಾದ ಒಬ್ಬ ಹಿರಿಯ ಜೊತೆಗಾರರನ್ನು, ಅಂದರೆ ಒಬ್ಬ ಮುರಬ್ಬಿಯನ್ನು ಗೊತ್ತುಪಡಿಸುವುದು. ಇವೆರಡೂ ಹೊರಗಿನಿಂದ ಎರವಲು ತಂದ ವಿಚಾರಗಳೆಂದು ಯಾರಾದರೂ ಹೇಳಿದರೆ ಅವರು ನಮ್ಮ ಪರಂಪರೆಯನ್ನು ಇನ್ನೊಮ್ಮೆ ಓದಬೇಕಾಗುತ್ತದೆ.

ಮಗು ಆಯುಧವಲ್ಲ

ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದಲ್ಲಿ ತಲಾಕ್‌ನ ನಿಯಮಗಳನ್ನು ವಿವರಿಸುವ ವಚನಗಳ ನಡುವೆಯೇ ಎದೆಹಾಲಿನ ವಿಷಯ ಬರುತ್ತದೆ. ಅಲ್ಲಿ, 233ನೆಯ ವಚನದಲ್ಲಿ, ಮಗುವಿನ ಕಾರಣದಿಂದ ತಾಯಿಗಾಗಲಿ ತಂದೆಗಾಗಲಿ ಪೀಡೆಯಾಗಬಾರದು ಎಂಬ ತತ್ವವನ್ನು ಅಲ್ಲಾಹನು ಸ್ಪಷ್ಟವಾಗಿ ತಿಳಿಸಿದ್ದಾನೆ. ಮಗುವಿಗೆ ಹಾಲು ಬಿಡಿಸುವಂತಹ ವಿಷಯವನ್ನೂ ಇಬ್ಬರೂ ಪರಸ್ಪರ ಸಮಾಲೋಚಿಸಿ, ಒಪ್ಪಿ ತೀರ್ಮಾನಿಸಬೇಕೆಂಬ ಆಶಯ ಅದೇ ವಚನದಲ್ಲಿದೆ. ಇದರ ಗಾಂಭೀರ್ಯವನ್ನು ಸ್ವಲ್ಪ ಯೋಚಿಸಬೇಕು. ದಾಂಪತ್ಯ ಮುಗಿದ ಮೇಲೆಯೂ ತಂದೆತಾಯಿತನ ಮುಗಿಯುವುದಿಲ್ಲ. ಗಂಡ ಹೆಂಡತಿಯಾಗಿ ಉಳಿಯದ ಇಬ್ಬರು ಒಂದು ಮಗುವಿನ ವಿಷಯದಲ್ಲಿ ಸಮಾಲೋಚಕರಾಗಿ ಉಳಿಯಬೇಕು. ಮಗುವನ್ನು ತೋರಿಸುವುದಿಲ್ಲ ಎಂದು ತಂದೆಯನ್ನು ದಂಡಿಸುವುದು, ಮಗುವನ್ನು ಕಿತ್ತುಕೊಳ್ಳುತ್ತೇನೆ ಎಂದು ತಾಯಿಯನ್ನು ಬೆದರಿಸಿ ಜೀವನಾಂಶ ಬಿಟ್ಟುಕೊಡಿಸುವುದು, ಇವೆರಡೂ ಈ ವಚನದ ನೇರ ಉಲ್ಲಂಘನೆಯಾಗಿದೆ.

ಮೂಸಾ(ಅ)ರ ಬಾಲ್ಯದ ವೃತ್ತಾಂತ ನಮಗೆಲ್ಲರಿಗೂ ಗೊತ್ತು. ಫಿರ್‌ಔನನ ಅರಮನೆಯಲ್ಲಿ ಆ ಮಗುವಿಗೆ ಯಾವುದರ ಕೊರತೆಯಿತ್ತು? ಆಹಾರಕ್ಕೆ, ಆಳುಕಾಳಿಗೆ, ರಕ್ಷಣೆಗೆ ಏನೂ ಕೊರತೆಯಿರಲಿಲ್ಲ. ಆದರೂ ಅಲ್ಲಾಹನು ಆ ಮಗುವನ್ನು ತಾಯಿಯ ಮಡಿಲಿಗೆ ಮರಳಿಸಿದ. ಆಕೆಯ ಕಣ್ಣು ತಣಿಯಬೇಕು, ಆಕೆ ದುಃಖಿಸಬಾರದು ಎಂಬ ಕಾರಣವನ್ನೂ ಅಲ್ ಕಸಸ್ ಅಧ್ಯಾಯ ಕೊಡುತ್ತದೆ. ಆ ಮರಳಿಕೆಗೆ ನಿಮಿತ್ತಳಾದವಳು ಅಕ್ಕ. ಆಕೆ ಯಾರ ಗಮನಕ್ಕೂ ಬಾರದಂತೆ ದೂರದಿಂದ ಮಗುವಿನ ಮೇಲೆ ಕಣ್ಣಿಟ್ಟು ನಡೆದಳು, ಸರಿಯಾದ ಹೊತ್ತಿಗೆ ಸರಿಯಾದ ಮಾತನ್ನು ಆಡಿದಳು. ಮಗುವಿಗೂ ತಾಯಿಗೂ ನಡುವೆ ಸೇತುವೆಯಾಗಿ ನಿಲ್ಲುವ ಮೂರನೆಯ ವ್ಯಕ್ತಿ ಹೇಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಪ್ರವಾದಿ ಮುಹಮ್ಮದ್(ಸ)ರು ಪ್ರಯಾಣವೊಂದರಲ್ಲಿದ್ದಾಗ ಸಂಗಾತಿಗಳು ಪುಟ್ಟ ಹಕ್ಕಿಯೊಂದರ ಮರಿಗಳನ್ನು ಎತ್ತಿಕೊಂಡಿದ್ದರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತುತ್ತಿರುವುದನ್ನು ಕಂಡ ಪ್ರವಾದಿ(ಸ)ಯವರು ಮರಿಗಳನ್ನು ಅದಕ್ಕೆ ಮರಳಿಸಲು ಆದೇಶಿಸಿದರು ಎಂದು ಅಬೂದಾವೂದ್ ಸಂಗ್ರಹದಲ್ಲಿ ವರದಿಯಾಗಿದೆ. ಹಕ್ಕಿಯ ವಿಷಯದಲ್ಲೇ ಹೀಗೆಂದ ಮೇಲೆ, ಹೆತ್ತವರಿಂದ ಮಕ್ಕಳನ್ನು ಹಟಕ್ಕಾಗಿ ದೂರವಿಡುವವರ ಸ್ಥಿತಿ ಅಲ್ಲಾಹನ ಮುಂದೆ ಏನಾಗಬಹುದು?

ನಮ್ಮ ಕರ್ಮಶಾಸ್ತ್ರ ಪಂಡಿತರು ಶಿಶುಪಾಲನೆಯ ಹಕ್ಕನ್ನು ಹಝಾನತ್ ಎಂಬ ಹೆಸರಿನಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಉತ್ತರ ಕರ್ನಾಟಕ, ಮೈಸೂರು, ಬೆಂಗಳೂರು ಭಾಗದ ಬಹುಸಂಖ್ಯಾತ ಮುಸ್ಲಿಮರು ಅನುಸರಿಸುವ ಹನಫೀ ಮದ್‌ಹಬ್‌ನಲ್ಲಿ ಗಂಡುಮಗು ಸಾಮಾನ್ಯವಾಗಿ ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಪಾಲನೆಯಲ್ಲಿರುತ್ತದೆ. ಕರಾವಳಿಯಲ್ಲಿ ಪ್ರಚಲಿತವಿರುವ ಶಾಫಿಈ ಮದ್‌ಹಬ್‌ನಲ್ಲಿ ಮಗುವಿಗೆ ತಿಳಿವಳಿಕೆ ಬಂದ ಮೇಲೆ ತಂದೆತಾಯಿಯರಲ್ಲಿ ಒಬ್ಬರನ್ನು ಆರಿಸುವ ಅವಕಾಶವಿದೆ. ಆದರೆ ಈ ಚರ್ಚೆಯಲ್ಲಿ ನಾವು ಮರೆತುಬಿಡುವ ಭಾಗವೊಂದಿದೆ. ಹುಡುಗ ತಾಯಿಯನ್ನು ಆರಿಸಿಕೊಂಡರೆ ರಾತ್ರಿಯನ್ನು ತಾಯಿಯ ಬಳಿ ಕಳೆಯಬೇಕು, ಹಗಲಲ್ಲಿ ತಂದೆಯ ಜೊತೆಗಿದ್ದು ವಿದ್ಯೆ ಅಥವಾ ಕಸುಬನ್ನು ಕಲಿಯಬೇಕು ಎಂದು ಶಾಫಿಈ ಗ್ರಂಥಗಳು ಹೇಳುತ್ತವೆ. ತಂದೆಯನ್ನು ಆರಿಸಿಕೊಂಡರೆ ತಾಯಿಯ ಭೇಟಿಗೆ ಅಡ್ಡಿಪಡಿಸುವಂತಿಲ್ಲ. ಅಂದರೆ ಶತಮಾನಗಳ ಹಿಂದೆಯೇ ನಮ್ಮ ವಿದ್ವಾಂಸರು ಮಗುವಿನ ದಿನವನ್ನು ಇಬ್ಬರ ನಡುವೆ ಹಂಚಿ, ವೇಳಾಪಟ್ಟಿಯನ್ನೇ ಬರೆದಿಟ್ಟಿದ್ದರು. ಇಂದಿನ ಜಮಾಅತಿನ ಕಾಗದದಲ್ಲಿ ಕಾಣೆಯಾಗಿರುವುದು ಇದೇ ವೇಳಾಪಟ್ಟಿ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ ಕಾನೂನು ಕೂಡಾ ಇದೇ ದಿಕ್ಕಿನಲ್ಲಿದೆ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 17ನೆಯ ಕಲಮು ಮಗುವಿನ ಹಿತವನ್ನು ಕೇಂದ್ರದಲ್ಲಿರಿಸುತ್ತದೆ. ಮಗು ತನ್ನ ಅಭಿಪ್ರಾಯ ಹೇಳುವಷ್ಟು ದೊಡ್ಡದಾಗಿದ್ದರೆ ಅದನ್ನೂ ನ್ಯಾಯಾಲಯ ಪರಿಗಣಿಸಬಹುದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯು ಸಂಧಾನಕ್ಕೆ ಆದ್ಯತೆ ನೀಡಿ, ಆಪ್ತ ಸಮಾಲೋಚಕರ ಮತ್ತು ಸಮಾಜಸೇವಾ ಸಂಸ್ಥೆಗಳ ನೆರವು ಪಡೆಯಲು ಅವಕಾಶ ಕಲ್ಪಿಸಿದೆ. 2015ರಲ್ಲಿ ಭಾರತದ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ ಜಂಟಿ ಪಾಲನೆಯ ಸಾಧ್ಯತೆಯನ್ನು ಶಿಫಾರಸು ಮಾಡಿತು. 2020ರಲ್ಲಿ ಯಶಿತಾ ಸಾಹು ಪ್ರಕರಣದ ತೀರ್ಪಿನಲ್ಲಿ ಸುಪ್ರೀಮ್ ಕೋರ್ಟು, ಮಗುವಿಗೆ ಇಬ್ಬರ ಪ್ರೀತಿಯೂ ಬೇಕು, ದೂರದ ಊರಿನಲ್ಲಿರುವ ತಂದೆ ಅಥವಾ ತಾಯಿಗೆ ವೀಡಿಯೋ ಕರೆಯ ಮೂಲಕವಾದರೂ ಸಂಪರ್ಕದ ಅವಕಾಶ ಸಿಗಬೇಕು ಎಂಬ ನಿಲುವನ್ನು ತಳೆಯಿತು. ತಂದೆ ದುಬೈಯಲ್ಲೋ ದಮಾಮಿನಲ್ಲೋ ದುಡಿಯುತ್ತಿರುವ ನಮ್ಮ ಕರಾವಳಿಯ ಎಷ್ಟೋ ಮಕ್ಕಳ ಪಾಲಿಗೆ ಈ ಮಾತು ಬಹಳ ಮುಖ್ಯವಾಗಿದೆ.

ಸಮಸ್ಯೆಯಿರುವುದು ಹಕ್ಕಿನಲ್ಲಲ್ಲ, ಸ್ಥಳದಲ್ಲಿ. ನ್ಯಾಯಾಲಯ ಭೇಟಿಗೆ ಅನುಮತಿ ಕೊಡುತ್ತದೆ, ಆದರೆ ಭೇಟಿ ನಡೆಯುವುದು ಎಲ್ಲಿ? ಹಲವು ಸಂದರ್ಭಗಳಲ್ಲಿ ನ್ಯಾಯಾಲಯದ ಆವರಣದಲ್ಲೇ, ಕಪ್ಪು ಕೋಟುಗಳ ಮತ್ತು ಪೊಲೀಸರ ಓಡಾಟದ ನಡುವೆ ನಡೆಯುತ್ತದೆ. ಇನ್ನು ಕೆಲವರು ಮಾಲ್‌ನಲ್ಲೋ ಉದ್ಯಾನವನದಲ್ಲೋ ಸೇರುತ್ತಾರೆ. ತಾಯಿಯ ಮನೆಗೆ ತಂದೆ ಹೋಗಲಾರ, ತಂದೆಯ ಮನೆಗೆ ತಾಯಿ ಕಳುಹಿಸಲಾರಳು. ಮಗುವನ್ನು ಹಸ್ತಾಂತರಿಸುವ ಆ ಎರಡು ನಿಮಿಷದಲ್ಲಿ ಹಳೆಯ ಜಗಳ ಹೊಸದಾಗಿ ಹೊತ್ತಿಕೊಳ್ಳುತ್ತದೆ. ಅದನ್ನು ನೋಡುತ್ತಾ ನಿಂತ ಮಗು, ನನ್ನಿಂದಲೇ ಇದೆಲ್ಲ ನಡೆಯುತ್ತಿದೆ ಎಂದುಕೊಳ್ಳುತ್ತದೆ.

ಬ್ರಿಟನ್ ಈ ಸಮಸ್ಯೆಗೆ ಕಂಡುಕೊಂಡ ಪರಿಹಾರದ ಬಗ್ಗೆ ನಾವು ತಿಳಿಯುವುದು ಒಳ್ಳೆಯದು. ಅಲ್ಲಿ ಮಕ್ಕಳ ಸಂಪರ್ಕ ಕೇಂದ್ರಗಳೆಂಬ ವ್ಯವಸ್ಥೆಯಿದೆ. 1991ರಲ್ಲಿ ಆ ಕೇಂದ್ರಗಳ ರಾಷ್ಟ್ರೀಯ ಸಂಘವೂ ರೂಪುಗೊಂಡಿತು. ಅವುಗಳಲ್ಲಿ ಅನೇಕ ಕೇಂದ್ರಗಳನ್ನು ಸ್ವಯಂಸೇವಕರು ಚರ್ಚಿನ ಸಭಾಂಗಣಗಳಲ್ಲೋ ಊರಿನ ಸಮುದಾಯ ಭವನಗಳಲ್ಲೋ ನಡೆಸುತ್ತಾರೆ. ತಂದೆತಾಯಿಯರು ಮುಖಾಮುಖಿಯಾಗದಂತೆ ಬೇರೆ ಬೇರೆ ಹೊತ್ತಿಗೆ ಬಂದು ಹೋಗುವ ಏರ್ಪಾಡು ಅಲ್ಲಿರುತ್ತದೆ. ಒಂದಷ್ಟು ಆಟಿಕೆ, ಪುಸ್ತಕ, ಚಹಾ, ಕಣ್ಣಳತೆಯಲ್ಲಿ ಒಬ್ಬಿಬ್ಬರು ಸ್ವಯಂಸೇವಕರು, ಇಷ್ಟೇ. ಅಪಾಯದ ಶಂಕೆ ಇರುವ ಪ್ರಕರಣಗಳಿಗೆ ಬೇರೆಯೇ ವ್ಯವಸ್ಥೆ. ಅಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮಾತು ಕೇಳಿಸುವಷ್ಟು ಹತ್ತಿರದಲ್ಲಿ ಇಡೀ ಹೊತ್ತು ಇರುತ್ತಾರೆ ಮತ್ತು ನಡೆದದ್ದನ್ನು ದಾಖಲಿಸುತ್ತಾರೆ. ಈ ಎರಡರ ವ್ಯತ್ಯಾಸವನ್ನು ಅವರು ಬಹಳ ಎಚ್ಚರದಿಂದ ಕಾಪಾಡಿಕೊಂಡು ಬಂದಿದ್ದಾರೆ.

ಚರ್ಚಿನ ಸಭಾಂಗಣ ಮಾಡಬಲ್ಲ ಕೆಲಸವನ್ನು ನಮ್ಮ ಮದ್ರಸದ ಕೋಣೆ ಮಾಡಲಾರದೇ? ಮದ್ರಸಕ್ಕೆ ರಜೆಯಿರುವ ದಿನ ಆ ಕೋಣೆ ಖಾಲಿ ಬಿದ್ದಿರುತ್ತದೆ. ಜಮಾಅತಿನಲ್ಲಿ ನಿವೃತ್ತ ಶಿಕ್ಷಕ ಶಿಕ್ಷಕಿಯರಿದ್ದಾರೆ, ಸಮಾಜಕಾರ್ಯ ಓದಿದ ಯುವತಿಯರಿದ್ದಾರೆ, ವಕೀಲರಿದ್ದಾರೆ. ಬೇಕಾಗಿರುವುದು ಲಕ್ಷಗಟ್ಟಲೆ ಹಣವಲ್ಲ. ಎರಡು ಚಾಪೆ, ಒಂದು ಕಪಾಟು ಪುಸ್ತಕ ಆಟಿಕೆ, ಬೇರೆ ಬೇರೆ ಎರಡು ಬಾಗಿಲು, ಒಂದು ದಾಖಲೆ ಪುಸ್ತಕ ಮತ್ತು ನಂಬಿಗಸ್ತರಾದ ಒಬ್ಬ ಪುರುಷ, ಒಬ್ಬ ಮಹಿಳೆ ಸಾಕು.

ಆದರೆ ಒಂದು ಗಡಿಯನ್ನು ದಾಟಬಾರದು. ಹೆಂಡತಿಗೆ ಹೊಡೆದವನ, ಮಗುವಿಗೆ ಹಿಂಸೆ ಕೊಟ್ಟವನ ವಿಷಯದಲ್ಲಿ ರಾಜಿಪಂಚಾಯಿತಿ ಮಾಡುವ ಅಧಿಕಾರ ಯಾವ ಸಮಿತಿಗೂ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೆಯ ಕಲಮಿನ ಪ್ರಕಾರ, ಭೇಟಿಯಿಂದ ಮಗುವಿನ ಹಿತಕ್ಕೆ ಹಾನಿಯಿದೆ ಎಂದು ಕಂಡುಬಂದರೆ ಮ್ಯಾಜಿಸ್ಟ್ರೇಟರು ಭೇಟಿಯನ್ನೇ ನಿರಾಕರಿಸಬೇಕು. ಅಂತಹ ಆದೇಶವಿರುವಾಗ, ತಂದೆಯಲ್ಲವೇ, ಒಮ್ಮೆ ನೋಡಲಿ ಬಿಡಿ ಎಂದು ಮರುಕ ತೋರಿಸುವುದು ಮಗುವಿಗೆ ಮಾಡುವ ದ್ರೋಹ. ಕುಟುಂಬ ಸಂಬಂಧವನ್ನು ಜೋಡಿಸಬೇಕೆಂಬ ಇಸ್ಲಾಮಿನ ಆಜ್ಞೆ ದೌರ್ಜನ್ಯಕ್ಕೆ ಹೊದಿಸುವ ಚಾದರವಲ್ಲ. ನ್ಯಾಯಾಲಯದ ಆದೇಶವಿದ್ದಲ್ಲಿ ಅದರ ಪ್ರಕಾರ, ಇಲ್ಲದಲ್ಲಿ ಇಬ್ಬರ ಲಿಖಿತ ಒಪ್ಪಿಗೆಯ ಪ್ರಕಾರ ಮಾತ್ರ ಇಂತಹ ಕೋಣೆ ನಡೆಯಬೇಕು.

ಒಬ್ಬ ಹಿರಿಯನ ಸಾಂಗತ್ಯ

ಭೇಟಿಯ ಕೋಣೆ ಎಲ್ಲರಿಗೂ ಉತ್ತರವಾಗದು. ಕೆಲವು ಮಕ್ಕಳಿಗೆ ತಂದೆ ತೀರಿಹೋಗಿರುತ್ತಾನೆ, ಕೆಲವರಿಗೆ ಬದುಕಿದ್ದೂ ಇಲ್ಲದಂತಿರುತ್ತಾನೆ. ಇನ್ನು ಕೆಲವರಿಗೆ ತಂದೆ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ಅತಿಥಿ. ಇಂತಹ ಮಕ್ಕಳಿಗೆ ಬೇಕಾಗಿರುವುದು ಉಪದೇಶವಲ್ಲ, ಸಾಂಗತ್ಯ.

ಅನಸ್ ಬಿನ್ ಮಾಲಿಕ್(ರ) ಹತ್ತರ ಹರೆಯದಲ್ಲಿ ಪ್ರವಾದಿ(ಸ)ಯವರ ಬಳಿಗೆ ಬಂದರು, ಹತ್ತು ವರ್ಷ ಅವರ ಜೊತೆಗಿದ್ದರು. ಅಷ್ಟೂ ಕಾಲ ಪ್ರವಾದಿ(ಸ)ಯವರು ತನ್ನನ್ನು ಒಮ್ಮೆಯೂ ಗದರಿಸಲಿಲ್ಲ, ಮಾಡಿದ ಕೆಲಸವನ್ನು ಏಕೆ ಮಾಡಿದೆಯೆಂದಾಗಲಿ ಮಾಡದ್ದನ್ನು ಏಕೆ ಮಾಡಲಿಲ್ಲವೆಂದಾಗಲಿ ಹಂಗಿಸಲಿಲ್ಲ ಎಂದು ಅವರು ಮುಂದೆ ಸ್ಮರಿಸಿಕೊಂಡರು. ಆ ಹುಡುಗ ಬೆಳೆದು ಹದೀಸ್‌ಗಳ ಅತಿದೊಡ್ಡ ವರದಿಗಾರರಲ್ಲಿ ಒಬ್ಬರಾದರು.

ಅಬೂ ಮಹ್‌ದೂರ(ರ)ರ ಪ್ರಸಂಗವನ್ನು ಇಂದಿನ ನಮ್ಮ ಮಸೀದಿಗಳು ವಿಶೇಷವಾಗಿ ಗಮನಿಸಬೇಕು. ಅವರೂ ಅವರ ಗೆಳೆಯರೂ ಮುಸ್ಲಿಮರ ಅದಾನನ್ನು ಅಣಕಿಸಿ ಕೂಗುತ್ತಿದ್ದರು. ಪ್ರವಾದಿ(ಸ)ಯವರು ಅವರನ್ನು ಕರೆಸಿದರು. ಯಾರ ಧ್ವನಿ ಎತ್ತರವಾಗಿ ಕೇಳಿಸಿತೋ ಆ ತರುಣನಿಗೆ ತಾವೇ ಅದಾನನ್ನು ಕಲಿಸಿದರು, ತಲೆ ನೇವರಿಸಿ ಪ್ರಾರ್ಥಿಸಿದರು, ಮಕ್ಕಾದ ಮುಅದ್ದಿನನ್ನಾಗಿ ನೇಮಿಸಿದರು. ಮಸೀದಿಯ ಹಿಂದಿನ ಸಾಲಿನಲ್ಲಿ ನಗುವ ಹುಡುಗನನ್ನು ಹೊರಗೆ ಕಳಿಸುವ ನಮ್ಮ ವಾಡಿಕೆಗೂ ಈ ಮಾದರಿಗೂ ಎಷ್ಟು ಅಂತರ! ವ್ಯಭಿಚಾರಕ್ಕೆ ಅನುಮತಿ ಕೇಳಲು ಬಂದ ತರುಣನನ್ನು ಸುತ್ತಲಿನವರು ಗದರಿಸಿದಾಗ, ಪ್ರವಾದಿ(ಸ)ಯವರು ಅವನನ್ನು ಹತ್ತಿರ ಕೂರಿಸಿಕೊಂಡು, ನಿನ್ನ ತಾಯಿಯ ವಿಷಯದಲ್ಲಿ, ಸಹೋದರಿಯ ವಿಷಯದಲ್ಲಿ ಇದನ್ನು ಒಪ್ಪುವೆಯಾ ಎಂಬರ್ಥದಲ್ಲಿ ಒಂದೊಂದಾಗಿ ಪ್ರಶ್ನಿಸಿ, ಅವನಿಂದಲೇ ಉತ್ತರ ಹೊರಡಿಸಿದ ಘಟನೆ ಮುಸ್ನದ್ ಅಹ್ಮದ್‌ನಲ್ಲಿದೆ. ಅಂತಹ ಪ್ರಶ್ನೆಯನ್ನು ನಮ್ಮ ಊರಿನ ಯಾವ ಹುಡುಗ ಯಾವ ಹಿರಿಯರ ಬಳಿ ಭಯವಿಲ್ಲದೆ ಕೇಳಬಲ್ಲ?

ಇದು ಗಂಡುಮಕ್ಕಳಿಗೆ ಮಾತ್ರ ಸಂಬಂಧಿಸಿದ್ದಲ್ಲ, ಪುರುಷರು ಮಾತ್ರ ಮಾಡಬೇಕಾದ ಕೆಲಸವೂ ಅಲ್ಲ. ಅಬೂಬಕರ್(ರ)ರ ಮೊಮ್ಮಗ ಕಾಸಿಮ್ ಬಿನ್ ಮುಹಮ್ಮದ್ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಸೋದರತ್ತೆ ಆಯಿಶಾ(ರ) ಅವರನ್ನು ಬೆಳೆಸಿದರು. ಮುಂದೆ ಅವರು ಮದೀನದ ಏಳು ಪ್ರಸಿದ್ಧ ಕರ್ಮಶಾಸ್ತ್ರಜ್ಞರಲ್ಲಿ ಒಬ್ಬರೆನಿಸಿದರು. ಆಯಿಶಾ(ರ)ರ ಮಡಿಲಲ್ಲೇ ಬೆಳೆದು ವಿದ್ವಾಂಸೆಯಾದ ಅಮ್ರಾ ಬಿಂತ್ ಅಬ್ದುರ್ರಹ್ಮಾನರ ಹೆಸರೂ ಇತಿಹಾಸದಲ್ಲಿದೆ. ಅನಾಥ ಮಗುವಿಗೆ ಊಟ ಬಟ್ಟೆ ಕೊಟ್ಟು ಕೈತೊಳೆದುಕೊಳ್ಳುವುದನ್ನಷ್ಟೇ ಅವರು ಪೋಷಣೆ ಎಂದು ತಿಳಿದಿರಲಿಲ್ಲ.

ಆಧುನಿಕ ಅನುಭವವೂ ಇದನ್ನೇ ಹೇಳುತ್ತದೆ. 1904ರಲ್ಲಿ ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದ ಗುಮಾಸ್ತರೊಬ್ಬರು, ಕಟಕಟೆಗೆ ಬರುವ ಹುಡುಗರಿಗೆ ಬೇಕಾಗಿರುವುದು ಜೈಲಲ್ಲ, ಕಾಳಜಿಯಿರುವ ಒಬ್ಬ ಹಿರಿಯ ಎಂದು ಮನಗಂಡು ಸ್ವಯಂಸೇವಕರನ್ನು ಕರೆದರು. ಆ ಪ್ರಯತ್ನದಿಂದ ಬೆಳೆದ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಸಂಸ್ಥೆಯ ಬಗ್ಗೆ 1995ರಲ್ಲಿ ಪ್ರಕಟವಾದ ಅಧ್ಯಯನವು 10ರಿಂದ 16 ವರ್ಷದ 959 ಮಕ್ಕಳನ್ನು ಗಮನಿಸಿತ್ತು. ಹಿರಿಯ ಜೊತೆಗಾರ ಸಿಕ್ಕಿದ ಮಕ್ಕಳು ಸಿಗದವರಿಗಿಂತ ಮಾದಕ ವಸ್ತು ಸೇವನೆಗೆ ತೊಡಗುವ ಸಂಭವ ಶೇಕಡಾ 46ರಷ್ಟು, ಮದ್ಯಪಾನಕ್ಕೆ ತೊಡಗುವ ಸಂಭವ ಶೇಕಡಾ 27ರಷ್ಟು ಕಡಿಮೆಯಿತ್ತು. ಹಾಗೆಂದು ಹುಮ್ಮಸ್ಸಿನಲ್ಲಿ ಹೊರಡುವವರಿಗೆ ಅದೇ ಸಂಸ್ಥೆಯ ಕುರಿತು 2002ರಲ್ಲಿ ಬಂದ ಇನ್ನೊಂದು ಅಧ್ಯಯನ ಎಚ್ಚರಿಕೆ ಕೊಡುತ್ತದೆ. ಒಂದು ವರ್ಷ ಅಥವಾ ಹೆಚ್ಚು ಕಾಲ ಉಳಿದ ಸಂಬಂಧಗಳಿಂದಲೇ ಹೆಚ್ಚಿನ ಪ್ರಯೋಜನವಾಯಿತು. ಮೂರು ತಿಂಗಳೊಳಗೆ ಮುರಿದುಬಿದ್ದ ಸಂಬಂಧಗಳಲ್ಲಿ ಮಕ್ಕಳ ಆತ್ಮಗೌರವ ಇನ್ನಷ್ಟು ಕುಸಿಯಿತು. ಒಮ್ಮೆ ಬಿಟ್ಟುಹೋದವರನ್ನು ಕಂಡ ಮಗುವಿಗೆ, ಇನ್ನೊಬ್ಬರೂ ಬಿಟ್ಟುಹೋದರೆ ಆಗುವ ನೋವು ದುಪ್ಪಟ್ಟು. ರಮಝಾನ್ ತಿಂಗಳಲ್ಲಿ ಉತ್ಸಾಹದಿಂದ ಆರಂಭಿಸಿ ಶವ್ವಾಲಿನಲ್ಲಿ ಮರೆತುಬಿಡುವ ಕಾರ್ಯಕ್ರಮಗಳ ಪಟ್ಟಿಗೆ ಇದನ್ನು ಸೇರಿಸುವುದಕ್ಕಿಂತ ಆರಂಭಿಸದಿರುವುದೇ ಲೇಸು. ಕನಿಷ್ಠ ಒಂದು ವರ್ಷ ಜೊತೆಗಿರುವೆನೆಂದು ಅಲ್ಲಾಹನನ್ನು ಸಾಕ್ಷಿಯಾಗಿಸಿ ಮಾತುಕೊಡಬಲ್ಲವರು ಮಾತ್ರ ಈ ಹೊಣೆಗೆ ಮುಂದೆ ಬರಲಿ.

ಮುರಬ್ಬಿಯೆಂದರೆ ಯಾರು? ಅವರು ಉಸ್ತಾದರ ಬದಲಿಯಲ್ಲ, ದಾನಿಯಲ್ಲ, ತಾಯಿಗೆ ವರದಿ ಒಪ್ಪಿಸುವ ಗೂಢಚಾರರೂ ಅಲ್ಲ. ವಾರಕ್ಕೊಮ್ಮೆ ಒಂದೆರಡು ಗಂಟೆ ಹುಡುಗನ ಜೊತೆ ಕಳೆಯುವವರು. ಪರೀಕ್ಷೆಯ ಅಂಕಕ್ಕಿಂತ ಮೊದಲು ಅವನ ಕ್ರಿಕೆಟ್ ಬಗ್ಗೆ ಕೇಳುವವರು. ಎಸೆಸೆಲ್ಸಿಯ ನಂತರ ಯಾವ ದಾರಿ ಎಂದು ತಿಳಿಯದಾಗ ಐಟಿಐಗೋ ಪಿಯು ಕಾಲೇಜಿಗೋ ಜೊತೆಯಲ್ಲಿ ಹೋಗಿ ಅರ್ಜಿ ತುಂಬಿಸುವವರು. ಅವನು ತಪ್ಪು ಮಾಡಿದಾಗ ಫೋನ್ ಎತ್ತುವವರು.

ನಂಬಿಕೆಗೆ ಬೇಲಿಯೂ ಬೇಕು

ಮಕ್ಕಳ ಹತ್ತಿರ ಬರಲು ಬಯಸುವವರೆಲ್ಲರೂ ಒಳ್ಳೆಯವರೇ ಆಗಿರುವುದಿಲ್ಲ. ಗಡ್ಡ, ಟೋಪಿ, ಸೇವೆಯ ಹೆಸರು ಇವು ಯಾವುವೂ ಪ್ರಮಾಣಪತ್ರವಲ್ಲ. ಆದ್ದರಿಂದ ನಿಯಮಗಳು ಬರಹದಲ್ಲಿರಬೇಕು. ಹುಡುಗರಿಗೆ ಪುರುಷರು, ಹುಡುಗಿಯರಿಗೆ ಮಹಿಳೆಯರೇ ಜೊತೆಗಾರರಾಗಬೇಕು. ಮುಚ್ಚಿದ ಕೋಣೆಯಲ್ಲಿ ಒಂಟಿ ಭೇಟಿ ಸಲ್ಲದು, ಗ್ರಂಥಾಲಯ, ಮೈದಾನ, ಮಸೀದಿಯ ಜಗಲಿಯಂತಹ ನಾಲ್ಕು ಜನ ಕಾಣುವ ಸ್ಥಳವೇ ಆಗಬೇಕು. ಭೇಟಿಯ ದಿನ, ಸ್ಥಳ ಮನೆಯವರಿಗೆ ತಿಳಿದಿರಬೇಕು. ದುಬಾರಿ ಉಡುಗೊರೆ, ತಡರಾತ್ರಿಯ ಸಂದೇಶ, ಗುಟ್ಟಿನ ಒಪ್ಪಂದಗಳಿಗೆ ಅವಕಾಶವಿರಬಾರದು. ಮಗುವಿನ ದೂರನ್ನು ಕೇಳಲು ಬೇರೆಯೇ ಒಬ್ಬರಿರಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧದ ಬಗ್ಗೆ ತಿಳಿದೂ ದೂರು ಕೊಡದಿರುವುದು ಶಿಕ್ಷಾರ್ಹ. ಜಮಾಅತಿನ ಮರ್ಯಾದೆಯ ಹೆಸರಿನಲ್ಲಿ ಅಂತಹ ವಿಷಯವನ್ನು ಮುಚ್ಚಿಹಾಕುವುದು ಕಾನೂನಿನ ಮುಂದೆ ಅಪರಾಧ, ಅಲ್ಲಾಹನ ಮುಂದೆ ಅಮಾನತ್‌ಗೆ ಬಗೆದ ವಂಚನೆ.

ಇನ್ನೂ ಒಂದು ವರ್ಗದ ಮಕ್ಕಳಿದ್ದಾರೆ. ಕಾನೂನಿನೊಂದಿಗೆ ಸಂಘರ್ಷಕ್ಕಿಳಿದು ವೀಕ್ಷಣಾಲಯ ಸೇರಿದವರು, ಪೋಷಣೆಯಿಲ್ಲದೆ ಬಾಲಮಂದಿರದಲ್ಲಿರುವವರು. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ನಾಚಿಕೆಯಿಂದಾಗಿ ಮನೆಯವರೇ ಹೋಗುವುದನ್ನು ನಿಲ್ಲಿಸಿಬಿಡುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯು ಮಗುವನ್ನು ಸಾಧ್ಯವಾದಷ್ಟು ಬೇಗ ಕುಟುಂಬಕ್ಕೆ ಮರಳಿಸುವುದನ್ನೇ ತನ್ನ ಮೂಲತತ್ವಗಳಲ್ಲಿ ಒಂದಾಗಿಸಿಕೊಂಡಿದೆ, 18 ವರ್ಷ ತುಂಬಿ ಹೊರಬರುವವರಿಗೆ ನಂತರದ ಆರೈಕೆಗೂ ಅವಕಾಶ ಕೊಟ್ಟಿದೆ. ಬಡತನದ ಕಾರಣದಿಂದ ಮಗು ಮನೆ ಬಿಟ್ಟು ಸಂಸ್ಥೆ ಸೇರಬಾರದೆಂದು ಮಿಷನ್ ವಾತ್ಸಲ್ಯ ಯೋಜನೆಯಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ದೊರೆಯುತ್ತದೆ. ವಿಧವೆಯರ ಮತ್ತು ವಿಚ್ಛೇದಿತೆಯರ ಮಕ್ಕಳ ಪೈಕಿ ಎಷ್ಟು ಮಂದಿ ಇದಕ್ಕೆ ಅರ್ಜಿ ಹಾಕಿದ್ದಾರೆ ಎಂದು ಪ್ರತಿ ಜಮಾಅತ್ ತನ್ನ ವ್ಯಾಪ್ತಿಯಲ್ಲಿ ಒಮ್ಮೆ ವಿಚಾರಿಸಿ ನೋಡಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಚೇರಿ ಎಲ್ಲಿದೆ, 1098 ಸಂಖ್ಯೆಗೆ ಕರೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಮಸೀದಿಯ ಸೂಚನಾ ಫಲಕದಲ್ಲಿ ಬರೆದು ಹಾಕಲು ಹೆಚ್ಚೇನೂ ಖರ್ಚಿಲ್ಲ.

ಮನೆಯ ಮಾತನ್ನು ಬೀದಿಗೆ ತರುವುದೇಕೆ ಎಂದು ಕೆಲವರು ಕೇಳಬಹುದು. ಮನೆ ಒಡೆದ ದಿನವೇ ಮಾತು ಬೀದಿಗೆ ಬಂದಾಗಿದೆ. ಈಗ ಉಳಿದಿರುವ ಪ್ರಶ್ನೆ, ಮಗು ಬೀದಿಗೆ ಬರಬೇಕೇ ಎಂಬುದು ಮಾತ್ರ. ಹೀಗೆ ಅನುಕೂಲ ಮಾಡಿಕೊಟ್ಟರೆ ವಿಚ್ಛೇದನ ಹೆಚ್ಚಾಗದೇ ಎಂಬ ಆತಂಕವೂ ಕೆಲವರಿಗಿದೆ. ವಿವಾಹಪೂರ್ವ ತರಬೇತಿ, ಕುರ್‌ಆನ್ ಸೂಚಿಸಿದಂತೆ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಿ ಸಂಧಾನಕ್ಕೆ ಪ್ರಾಮಾಣಿಕವಾಗಿ ಯತ್ನಿಸುವುದು, ಇವೆಲ್ಲವೂ ಖಂಡಿತ ಬೇಕು. ಆದರೆ ಆಸ್ಪತ್ರೆ ಕಟ್ಟಿದ್ದರಿಂದ ರೋಗ ಹೆಚ್ಚಾಯಿತೆಂದು ಯಾರೂ ಹೇಳುವುದಿಲ್ಲ. ಸಂಧಾನ ಸೋತ ಮೇಲೆ ಮಗುವನ್ನು ಆ ಸೋಲಿನ ಬೆಲೆ ತೆರುವಂತೆ ಬಿಡುವುದು ಯಾವ ನ್ಯಾಯ?

ಇನ್ನು ತಾಯಂದಿರದ್ದೊಂದು ನಿಜವಾದ ಆಕ್ಷೇಪವಿದೆ. ಒಂದು ರೂಪಾಯಿ ಖರ್ಚು ಕೊಡದ, ಜ್ವರ ಬಂದಾಗ ತಿರುಗಿ ನೋಡದ ತಂದೆಗೆ ಭೇಟಿಯ ಹಕ್ಕು ಏಕೆ ಎಂಬ ಪ್ರಶ್ನೆ ಅದು. ಆ ಸಿಟ್ಟು ನ್ಯಾಯವಾದದ್ದು. ಮಕ್ಕಳ ಖರ್ಚು ತಂದೆಯ ಔದಾರ್ಯವಲ್ಲ, ಅವನ ಮೇಲಿನ ಕಡ್ಡಾಯ ಹೊಣೆ. ಅದನ್ನು ವಸೂಲು ಮಾಡಿಕೊಡಲು ಜಮಾಅತ್ ತಾಯಿಯ ಬೆನ್ನಿಗೆ ನಿಲ್ಲಬೇಕು, ಅಗತ್ಯಬಿದ್ದರೆ ನ್ಯಾಯಾಲಯಕ್ಕೂ ಜೊತೆಯಲ್ಲಿ ಹೋಗಬೇಕು. ಆದರೆ ಭೇಟಿ ತಂದೆಗೆ ಕೊಡುವ ಬಹುಮಾನವಲ್ಲ, ಮಗುವಿಗೆ ಸಲ್ಲಬೇಕಾದ ಹಕ್ಕು. ತಂದೆಯ ಸಾಲವನ್ನು ಮಗುವಿನ ಖಾತೆಯಿಂದ ಕಳೆಯಬಾರದು.

ಆದ್ದರಿಂದ ಪ್ರತಿಯೊಂದು ಜಮಾಅತ್ ಸಮಿತಿಯ ಮುಂದೆ ನಮ್ಮ ಕೋರಿಕೆ ಇಷ್ಟು: ಮುಂದಿನ ಬಾರಿ ವಿಚ್ಛೇದನದ ಕಾಗದ ಬರೆಯುವಾಗ ಮಗುವಿನ ಭೇಟಿಯ ದಿನ, ಹೊತ್ತು, ಸ್ಥಳವನ್ನು ಅದರಲ್ಲಿ ಬರೆಯಿರಿ. ಅಜ್ಜ ಅಜ್ಜಿಯರನ್ನೂ, ಬೇರೆ ಬೇರೆ ಮನೆಗಳಿಗೆ ಹಂಚಿಹೋದ ಒಡಹುಟ್ಟಿದವರನ್ನೂ ಮರೆಯಬೇಡಿ. ತಿಂಗಳಲ್ಲಿ ಎರಡು ದಿನವಾದರೂ ಒಂದು ಕೋಣೆಯನ್ನು ತೆರೆದಿಡಿ. ಊರಿನಲ್ಲಿ ತಂದೆಯ ನೆರಳಿಲ್ಲದೆ ಬೆಳೆಯುತ್ತಿರುವ ಮಕ್ಕಳ ಪಟ್ಟಿಯನ್ನು ಗೌಪ್ಯವಾಗಿ ಮಾಡಿ, ಒಬ್ಬೊಬ್ಬರಿಗೆ ಒಬ್ಬೊಬ್ಬ ಹಿರಿಯರನ್ನು ಹುಡುಕಿ. ಹತ್ತು ಮಕ್ಕಳಿಗೆ ಹತ್ತು ಮಂದಿ ಸಿಗದಿದ್ದರೆ ಇಬ್ಬರಿಂದಲೇ ಆರಂಭಿಸಿ. ಮಸೀದಿಗೆ ಹೊಸ ಮಿನಾರ ಕಟ್ಟಲು ಹಣ ಸಂಗ್ರಹಿಸಬಲ್ಲ ಊರಿಗೆ ಇದು ಅಸಾಧ್ಯವಾದ ಕೆಲಸವಲ್ಲ.

ಪ್ರತಿಯೊಬ್ಬರೂ ಕುರಿಗಾಹಿಗಳು, ಪ್ರತಿಯೊಬ್ಬರಲ್ಲೂ ತಮ್ಮ ಹಿಂಡಿನ ಬಗ್ಗೆ ವಿಚಾರಿಸಲಾಗುವುದು ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ಖುತ್ಬಾಗಳಲ್ಲಿ ಎಷ್ಟು ಬಾರಿ ಕೇಳಿಲ್ಲ? ಹಿಂಡಿನಿಂದ ತಪ್ಪಿಹೋದ ಮರಿಯನ್ನು ಹುಡುಕಿಕೊಂಡು ಹೋಗುವುದೇ ಕುರಿಗಾಹಿಯ ನಿಜವಾದ ಪರೀಕ್ಷೆ. ಆ ಹೊಣೆಯನ್ನು ನಿಭಾಯಿಸುವ ಮನಸ್ಸನ್ನೂ ತಾಳ್ಮೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.